ಇಪ್ಪತ್ನಾಕೂ ಹೌದು

ನಮ್ಮ ಉಟಗಿಯೊಳಗ ಸರಕಾರಿ ಫಾರ್ಮ ತುಂಬೂದು ಬರೋಬ್ಬರಿ ಗೊತ್ತಿದ್ದವ ನಾ ಒಬ್ಬನ. ಇದನ್ನ ಜಂಬ ಕೊಚ್ಚಿಕೊಳ್ಳಾಕ ಹೇಳಾಕತ್ತಿಲ್ಲ. ಮುಂದ ನಡದದ್ದು ಯಾಕ ನಡೀತು ಅನ್ನೂದು ನಿಮಗ ತಿಳೀಲಿ, ತಪ್ಪು ನಂದಲ್ಲ ಅನ್ನೂದೂ ತಿಳೀಲಿ, ಅಷ್ಟ.

ನನ್ನ ಹೆಸರು ಬಾದಶಹಾ. ಧಂದೆ ವಡಾಪ. ಅಂದ್ರ ಉಟಗಿಯಿಂದ ತಾಲೂಕಿನ ಊರು ಜತ್ತಕ್ಕ ಮಂದೀನ ತುಂಬಕೊಂಡು ಹೋಗೂ ಜೀಪು. ಸರಕಾರಿ ಎಸ್.ಟಿ. ಬಸ್ಸು ಒಂದ ಸಲ ಬರೂದರಾಗ ನಂದು ಎರಡು ಖೇಪ ಆಗಿರ್ತಾವ. ನನ್ನ ನೇಮ ಒಂದ: ಎಲ್ಲಾ ಸೀಟ ತುಂಬಿದ ಹೊರತು ಗಾಡಿ ಬಿಡಂಗಿಲ್ಲ. ಒಂದ ಸೀಟ ಖಾಲಿ ಐತಿ ಅಂದ್ರ ಒಳಗ ಸರಪಂಚ ಕುಂತಿರ್ಲಿ, ಬಾಸಿಂಗ ಕಟ್ಟಿಕೊಂಡ ಮದುಮಗ ಕುಂತಿರ್ಲಿ, ನನ್ನ ಗಾಡಿ ಅಲುಗಾಡಂಗಿಲ್ಲ. ಮದುಮಗ ಅಳಾಕ ಬಂದಿದ್ದ ಒಂದ ಸಲ. ಆದರೂ ಬಿಡಲಿಲ್ಲ.

ನನ್ನ ಗಾಡ್ಯಾಗ ಬರೂ ಮಂದಿಯೊಳಗ ಅರ್ಧ ಮಂದಿ ತಹಶೀಲ ಕಚೇರಿಗೆ ಫಾರ್ಮ ಕೊಡಾಕ ಹೋಗೂವರು. ನಾ ಹೊರಗ ಕಾಯಬೇಕು. ಹಂಗ ಕಾದು ಕಾದು ಫಾರ್ಮಿನ ವಿದ್ಯಾ ನನಗ ಒಲೀತು. ನಮ್ಮ ಗಡಿ ಊರಿನ ಮಾತು ಕನ್ನಡ, ಸರಕಾರದ್ದು ಮರಾಠಿ. ನನ್ನ ಮರಾಠಿ ಓದು ಚಲೋ ಐತಿ, ಅಕ್ಷರ ಅದಕ್ಕಿಂತ ಚಲೋ ಅದಾವ.

ಮೊದಲ ನಾನೂ ಅಡ್ನಾಡಿ ಇದ್ದೆ. ನಾಕು ವರ್ಷದ ಹಿಂದ ಮನಿ ಕಟ್ಟೂ ಯೋಜನಾದ ಫಾರ್ಮ ಬಂದಿತ್ತು. ಪಕ್ಕಾ ಗ್ವಾಡಿ ಐತೇನು ಅಂತ ಕೇಳಿದ್ರು. ನಮ್ಮ ಪಡಸಾಲಿಯೊಳಗಿನ ಒಂದ ಇಟ್ಟಂಗಿ ಗ್ವಾಡಿ ನೆನಪಾಗಿ 'ಹೌದು' ಅಂತ ಬರದ್ನಿ. ಯಾದಿಯೊಳಗಿಂದ ನನ್ನ ಹೆಸರ ಹಾರಿ ಹೋತು. ಬಾಜೂ ಮನಿ ಇಂದ್ರಾಬಾಯಿಗೆ ನಾಕೂ ಕಡೆ ಪಕ್ಕಾ ಗ್ವಾಡಿ. ಆಕಿ 'ಇಲ್ಲ' ಅಂತ ಬರಸಿದ್ಲು. ಆಕಿಗೆ ಐದನೇ ಗ್ವಾಡಿನೂ ಬಂತು.

ಆವತ್ತ ನನಗ ಜ್ಞಾನ ಆತು. ಸರಕಾರಿ ಫಾರ್ಮಿನ್ಯಾಗ ಇದ್ದ ಸಾಮಾನೆಲ್ಲಾ ಇಲ್ಲ ಅನಬೇಕು, ಇಲ್ಲದ ತ್ರಾಸೆಲ್ಲಾ ಐತಿ ಅನಬೇಕು. ಇಷ್ಟ. ಇದನ್ನ ನಾ ಊರ ಮಂದಿಗೆಲ್ಲಾ ಕಲಿಸಿಕೊಟ್ಟೀನಿ. ಮುಂಜಾನಿ ಚಾ ಕುಡಿಯೂದರಾಗ ಕಟ್ಟಿ ಮ್ಯಾಲ ಮೂರ ಮಂದಿ ಫಾರ್ಮ ಹಿಡಕೊಂಡು ಕುಂತಿರ್ತಾರ.

ಈಗ ಕೊರೋನಾದ ವರ್ಷಕ್ಕ ಬರೂಣು. ಸಾಲಿ ಮುಚ್ಚಿತು, ವಡಾಪ ನಿಂತಿತು. ನನ್ನ ಮಗಳು ಯಾಸ್ಮಿನ ಕನ್ನಡ ಸಾಲ್ಯಾಗ ಐದನೇತ್ತಾ. ಸಾಲಿ ಮೊಬೈಲಿನ್ಯಾಗ ಬರ್ತೈತಿ ಅಂದ್ರು. ಮನಿಯೊಳಗ ರೇಂಜ ಇಲ್ಲ, ಊರ ಹೊರಗಿನ ದಿಬ್ಬದ ಮ್ಯಾಲ ಐತಿ. ಅದಕ ದಿನಾ ಹತ್ತು ಗಂಟೆಕ್ಕ ಜೀಪ ತಗೊಂಡು ಹೋಗಿ ದಿಬ್ಬದ ಮ್ಯಾಲ ನಿಲ್ಲಸೂದು, ಹಿಂದಿನ ಸೀಟಿನ ಮ್ಯಾಲ ಯಾಸ್ಮಿನನ್ನ ಕುಂದ್ರಸೂದು, ಕೈಯಾಗ ಮೊಬೈಲ ಕೊಡೂದು, ನಾ ಮುಂದ ಸ್ಟೇರಿಂಗಿಗೆ ತಲಿ ಕೊಟ್ಟು ಮಲಗೂದು. ಹನ್ನೊಂದ ಸೀಟಿನ ಗಾಡ್ಯಾಗ ಒಂದ ಹುಡುಗಿ. ಕಣ್ಣಿಲೆ ನೋಡಾಕ ಆಗ್ತಿರಲಿಲ್ಲ ನನಗ. ನನ್ನ ಸಂಕಟ ಖಾಲಿ ಸೀಟಿಂದು, ಹುಡುಗೀದಲ್ಲ. ಅದನ್ನೂ ಒಪ್ಪಕೊಂಡ ಬಿಡತೀನಿ.

ಈ ಯಾಸ್ಮಿನ ಮೊದಲ ಹೆಂಥಾಕಿ ಅಂದ್ರ, ಬಾಯಿ ಅನ್ನೂದು ಮುಚ್ಚತಿದ್ದಿಲ್ಲ. ನಿದ್ದಿಯೊಳಗೂ ಮಾತಾಡತಿದ್ಲು. ಸಾಲಿಯಿಂದ ಬಂದ್ರ ಪಾಟಿಚೀಲ ಇಳಸೂದಕ್ಕಿಂತ ಮೊದಲ ಅವತ್ತಿಂದೆಲ್ಲಾ ಒದರಿ ಮುಗಸಾಕಿ. ಅಂಥಾಕಿ ನಾಕು ತಿಂಗಳಾಗ ಗಪ್ಪಾದ್ಲು. ಕೇಳಿದ್ರ 'ಹೂಂ', ಕೇಳದಿದ್ರ ಅದೂ ಇಲ್ಲ. ರೊಟ್ಟಿ ಅರ್ಧಾ ಬಿಡೂದು, ಗ್ವಾಡಿ ಕಡೆ ಮಾರಿ ಮಾಡಿ ಮಲಗೂದು. ನನ್ನ ಹೆಣ್ತಿ ಮೆಹನಾಜ, ಹುಡುಗಿ ನಗವಲ್ಲಳು, ಏನರ ಮಾಡ್ರಿ ಅಂತ ಎರಡ ಸಲ ಅಂದ್ಲು. ದೊಡ್ಡಾಕಿ ಆಗಾಕತ್ತಾಳ, ಶಾಣ್ಯಾ ಆಗ್ಯಾಳ, ಮನಿ ಎಷ್ಟ ಶಾಂತ ಐತಿ ನೋಡು ಅಂತ ನಾ ಅಂದ್ನಿ. ಆಕಿ ನನ್ನ ಮಾರಿ ನೋಡಿ ರೊಟ್ಟಿ ಬಡ್ಯಾಕ ಹತ್ತಿದ್ಲು. ಆವತ್ತ ರೊಟ್ಟಿ ಬಡದ ಸಪ್ಪಳ ಜರಾ ಜಾಸ್ತೀನ ಇತ್ತು.

ಇಂಥಾ ಹೊತ್ತಿನ್ಯಾಗ ಸಾಲಿ ಮಲ್ಲಿನಾಥ ಸರ್ ಮನಿ ಮನಿಗೆ ಒಂದ ಫಾರ್ಮ ತಗೊಂಡ ಬಂದ್ರು. ಮೊಬೈಲ ಸಾಲಿಯಿಂದ ಹುಡುಗರ ಮನಸ್ಸಿಗೆ ಏನ ಆಗೈತಿ ಅನ್ನೂದರ ಫಾರ್ಮ. ಮರಾಠಿಯೊಳಗ ಇಪ್ಪತ್ನಾಕು ಪ್ರಶ್ನೆ, ಬಾಜೂಕ ಹೌದು ಅಥವಾ ಇಲ್ಲ. ಮಗಳ ಕೂಡ ಕುಂತು, ಕೇಳಿ ತುಂಬ್ರಿ ಅಂತ ಹೇಳಿದ್ರು. ಹೋಗ್ತಾ ಹೋಗ್ತಾ ಒಂದ ದೂರೂ ಹೇಳಿದ್ರು: ಒಂದ ದಿನ ಹಾಜರಿ ತಗೊಳ್ಳೂವಾಗ ಯಾಸ್ಮಿನ ಬ್ಯಾರೇಯವರ ಹೆಸರಿಗೆ 'ಹಾಜರ್ ಸರ್' ಅಂದ್ಲಂತ, ಬೈದ್ರಂತ, ಆವತ್ತಿನಿಂದ ತನ್ನ ಹೆಸರಿಗೂ ಬಾಯಿ ಬಿಡಾಕ ತ್ರಾಸ ಮಾಡ್ತಾಳಂತ. ಸುಳ್ಳ ಹಾಜರಿ ಹಾಕೂದು ನಮ್ಮ ಮನೆತನದಾಗ ಇಲ್ಲ ಅಂತ ನಾನೂ ಆಕಿಗೆ ಬೈದ್ನಿ.

ಆಮ್ಯಾಲ ಇಂದ್ರಾಬಾಯಿ ಬಂದ್ಲು. ಶೇಗಾಂವ ಕಡೆ ಯಾರಿಗೋ ಇಂಥಾ ಫಾರ್ಮ ತುಂಬಿದ ಮ್ಯಾಲ ಟ್ಯಾಬ ಕೊಟ್ಟಾರಂತ, ದೊಡ್ಡ ಪಾಟಿಯಷ್ಟ ಐತಂತ ಅಂತ ಸುದ್ದಿ ಹೇಳಿದ್ಲು. ಯಾರು ಕೊಟ್ರು, ಯಾರಿಗೆ ಕೊಟ್ರು, ಆಕಿಗೂ ಗೊತ್ತಿಲ್ಲ. ನನಗ ಅಷ್ಟ ಸಾಕಾತು.

ಅಂಗಳದಾಗ ಕುಂತು ಪೆನ್ನ ತಗದ್ನಿ. ಕಾರಣ ಇಲ್ಲದ ಅಳತಾಳೇನು? ಹೌದು. ಸಿಟ್ಟ ಬರ್ತೈತೇನು? ಹೌದು. ಊಟ ಬಿಡತಾಳೇನು? ಹೌದು. ಅಂಜತಾಳೇನು? ಹೌದು. ಬ್ಯಾರೇಯವರಿಗೆ ಕಾಣದ್ದು ಆಕಿಗೆ ಕಾಣತೈತೇನು? ಇದಕ್ಕ ಜರಾ ತಡದ್ನಿ. ಆದ್ರ ಒಂದರಾಗ 'ಇಲ್ಲ' ಅಂದು ಟ್ಯಾಬ ಕಳಕೊಳ್ಳಾಕ ನಾ ಏನ ಹುಚ್ಚನ? ಹೌದು. ಇಪ್ಪತ್ನಾಕೂ ಹೌದು. ಕೆಳಗ 'ಇತರೆ ಮಾಹಿತಿ' ಅಂತ ಎರಡ ಸಾಲು ಜಾಗಾ ಇತ್ತು. ಜಾಗಾ ಬಿಟ್ಟ ಬಿಟ್ರ ಫಾರ್ಮಿಗೆ ಅವಮಾನ. 'ಬಾಲಕಿ ಗ್ವಾಡಿ ಕೂಡ ಮಾತಾಡತಾಳ. ಪ್ರಕರಣ ಭಾಳ ಗಂಭೀರ ಐತಿ. ತುರ್ತು ಕ್ರಮ ಆಗಬೇಕು' ಅಂತ ನನ್ನ ಚಂದನ್ನ ಅಕ್ಷರದಾಗ ಬರದು ಸಹಿ ಮಾಡಿದ್ನಿ. ಯಾಸ್ಮಿನ ಅಲ್ಲೆ ಹೊಸ್ತಿಲ ಮ್ಯಾಲ ಕುಂತಿದ್ಲು. ಆಕೀನ ಕೇಳಬೇಕಂತ ನನಗ ಹೊಳೀಲೇ ಇಲ್ಲ.

ಎಂಟ ದಿನಕ್ಕ, ದಿಬ್ಬದ ಮ್ಯಾಲ ಸಾಲಿ ಮುಗದ ಹೊತ್ತಿಗೆ, ಫೋನ ಬಂತು. ಮರಾಠಿಯೊಳಗ ಒಬ್ಬ ಸಾಹೇಬ ಮಾತಾಡಿದ. ತಾಲೂಕಿನ ಎಲ್ಲಾ ಫಾರ್ಮ ನೋಡೇವಿ, ನಿಮ್ಮ ಯಾಸ್ಮಿನಂದು ಪಹಿಲಾ ನಂಬರ ಐತಿ, ಗುರುವಾರ ಸಾಂಗ್ಲಿಯಿಂದ ಮ್ಯಾಡಮ್ಮ ಸ್ವತಃ ಬರ್ತಾರ ಅಂದ. ಯಾತರಾಗ ಪಹಿಲಾ ಅಂತ ನಾ ಕೇಳಲಿಲ್ಲ. ಪಹಿಲಾ ನಂಬರ ಬಂದವ ಯಾವನರ ಯಾತರಾಗ ಅಂತ ಕೇಳ್ಯಾನೇನು?

ಅರ್ಧ ತಾಸಿನ್ಯಾಗ ಊರಿಗೆಲ್ಲಾ ಗೊತ್ತಾತು. ಅಂದ್ರ ನಾನ ಹೇಳಿ ಬಂದ್ನಿ. ಇಂದ್ರಾಬಾಯಿ ಶೇಂಗಾ ಉಂಡಿ ಕಟ್ಟಿಕೊಂಡು ಬಂದ್ಲು, ಮಾರಿ ಮಾಸ್ಕ ತಗದು ಹುಡುಗಿಯ ಗಲ್ಲಾ ಹಿಂಡಿದ್ಲು. ಯಾಸ್ಮಿನಳ ಮಾವಾ, ಅಂದ್ರ ನನ್ನ ಹೆಣ್ತಿ ತಮ್ಮ ಬಷೀರ, ವಳಸಂಗದಿಂದ ಮೋಟರಸೈಕಲ್ಲಿನ ಮ್ಯಾಲ ಗುಲಾಬಿ ಹಾರ ತಂದ. ಉಟಗಿಯ ಕನ್ನಡ ಸಾಲಿ ಹುಡುಗಿ ಇಡೀ ತಾಲೂಕಿಗೆ ಮೊದಲ ಬಂದಾಳಂದ್ರ ಸಣ್ಣ ಮಾತಲ್ಲ ಅಂತ ಕಟ್ಟಿ ಮ್ಯಾಲ ನಿಂತು ಭಾಷಣ ಮಾಡಿದ. ಹಾರ ಹಾಕಿಕೊಂಡು ಯಾಸ್ಮಿನ ಪಡಸಾಲಿಯೊಳಗ ಕುಂತಿದ್ಲು. ಆಕಿ ಮಾರಿ ಮ್ಯಾಲ ಏನೂ ಇಲ್ಲ. ದೊಡ್ಡ ಮನಸ್ಸು, ಜಂಬ ಇಲ್ಲ ಅಂತ ಎಲ್ಲಾರೂ ಹೊಗಳಿದ್ರು.

ಉಂಡಿ ಇನ್ನಾ ಬಾಯಾಗ ಇರೂವಾಗ ಮಲ್ಲಿನಾಥ ಸರ್ ಓಡಿಕೋತ ಬಂದ್ರು. ನನ್ನ ಬಾಜೂಕ ಕರದು, ನೀ ಏನ ತುಂಬೀದಿ ಅಂತ ಕೇಳಿದ್ರು. ಹೇಳಿದ್ನಿ. ಸರ್ ಹಣಿ ಹಿಡಕೊಂಡು ಕಟ್ಟಿ ಮ್ಯಾಲ ಕುಂತ್ರು.

"ಬಾದಶಹಾ, ಅದು ಮನಸ್ಸಿನ ಬ್ಯಾನಿಯ ಯಾದಿ. ತಾಲೂಕಿನ್ಯಾಗ ಎಲ್ಲಾಕಿಂತ ಹೆಚ್ಚು ಬ್ಯಾನಿ ನಿನ್ನ ಮಗಳಿಗೆ ಐತಿ ಅಂತ ನೀನ ಬರದ ಕೊಟ್ಟೀದಿ" ಅಂದ್ರು.

ಬಾಜೂಕ ಕರದು ಹೇಳಿದ್ರ ಏನಾತು, ನಮ್ಮೂರಾಗ ಬಾಜೂ ಅನ್ನೂದ ಇಲ್ಲ. ಎಲ್ಲಾರಿಗೂ ಕೇಳಿತು. ಬಷೀರ ಹುಡುಗಿ ಕೊರಳಾಗಿಂದ ಹಾರ ಮೆಲ್ಲಕ ತಗದು ಕೈಯಾಗ ಹಿಡಕೊಂಡ. ಇಂದ್ರಾಬಾಯಿ ಉಂಡಿ ಡಬ್ಬಿಯ ಮುಚ್ಚಳ ಹಾಕಿದ್ಲು. ಐದ ಮಿನಿಟಿನ ಹಿಂದ ಜಂಬ ಇಲ್ಲ ಅಂದವರ ಈಗ, ನಾ ಅವತ್ತ ನೋಡೀನಿ, ಹುಡುಗಿ ಕಣ್ಣ ಪಿಳಿಕಿಸಂಗಿಲ್ಲ ಅಂತ ಹೇಳಾಕತ್ತಿದ್ರು.

ಆಮ್ಯಾಲ ಎರಡ ದಿನ ನಮ್ಮ ಮನಿ ದವಾಖಾನಿ ಆತು. ಇಂದ್ರಾಬಾಯಿ ಉಪ್ಪು ಮೆಣಸಿನಕಾಯಿಲೆ ದೃಷ್ಟಿ ಇಳಿ ತಗದು ಒಲಿಗೆ ಹಾಕಿದ್ಲು, ಘಾಟಿಗೆ ಇಡೀ ಓಣಿ ಕೆಮ್ಮಿತು. ಕೊರೋನಾ ಅಂತ ಎದುರು ಮನಿಯವರು ಬಾಗಿಲ ಹಾಕಿಕೊಂಡ್ರು. ಬಷೀರ ತಾವೀಜ ತಂದು ಕಟ್ಟಿದ, ಅದರ ಮ್ಯಾಲ ಮಿರಜಿನ ದೊಡ್ಡ ದವಾಖಾನಿಗೆ ಹುಡುಗೀನ ಒಯ್ದು ತಿಂಗಳಗಟ್ಲೆ ಇಟಗೋತಾರ ಅಂತ ಅಂಜಿಕಿನೂ ತಂದ. ಅವನಿಗೆ ಯಾರು ಹೇಳಿದ್ರು ಅಂತ ಕೇಳಿದ್ರ, ಹಂಗ ಇರ್ತೈತಿ ಅಂದ. ಮೆಹನಾಜ ಅಳಾಕ ಹತ್ತಿದ್ಲು. ಅಳಕೋತ ನನಗೂ ಬೈದ್ಲು. ಮಗಳನ್ನ ನನ್ನ ಅಕ್ಷರದಿಂದ ನಾನ ಕಳಕೊಳ್ಳಾಕ ಕುಂತೀನಿ ಅನಸ್ತು.

ಆದ್ರ ಫಾರ್ಮಿನ ಮನಷ್ಯಾ ಸೋಲಂಗಿಲ್ಲ. ಕಾಗದದ ಮ್ಯಾಲ ಇಪ್ಪತ್ನಾಕು ಹೌದು ಅಂದೀನಿ, ಬಾಯಿಲೆ ಇಪ್ಪತ್ನಾಕು ಇಲ್ಲ ಅಂದ್ರ ಲೆಕ್ಕಾ ತಾಳಾ ಆತಿಲ್ಲೋ? ಎಲ್ಲಾರನ್ನೂ ಕುಂದ್ರಿಸಿ ಕಲಿಸಿದ್ನಿ. ಮ್ಯಾಡಮ್ಮ ಏನ ಕೇಳಿದ್ರೂ ಇಲ್ಲ ಅನಬೇಕು. ಮನ್ಯಾಗ ದುಃಖದ ಗಾಳಿ ಸೈತ ಇಲ್ಲ ಅಂತ ಕಾಣಬೇಕು, ಅದಕ ಮ್ಯಾಡಮ್ಮ ಹೊಸ್ತಿಲ ದಾಟಿದ ಕೂಡ್ಲೆ ಎಲ್ಲಾರೂ ನಗಬೇಕು.

ಗುರುವಾರ ಮ್ಯಾಡಮ್ಮ ಬಂದ್ರು. ಹೆಸರ ಶಾಂತಾದೇವಿ, ಹುಡುಗರ ಮನಸ್ಸಿನ ತ್ರಾಸ ಕೇಳೂವರು. ನಮ್ಮ ಗಡಿ ಕಡೆಯವರ, ಕನ್ನಡ ಚಂದ ಮಾತಾಡತಿದ್ರು. ಮಾರಿಗೆ ಮಾಸ್ಕ, ಕೈಯಾಗ ನನ್ನ ಫಾರ್ಮು. ಹೊಸ್ತಿಲದಾಗ ಕಾಲ ಇಟ್ರು, ನಾವು ನಕ್ಕವಿ. ಮೆಹನಾಜ ಕಣ್ಣೀರ ಒರಸಕೋತ ನಕ್ಕಳು. ಇಂದ್ರಾಬಾಯಿ ಹೊಟ್ಟಿ ಹಿಡಕೊಂಡು ನಕ್ಕಳು. ಬಷೀರನಿಗೆ ನಿಂದ್ರಸೂದು ಗೊತ್ತಾಗಲಿಲ್ಲ, ನಕ್ಕೋತ ನಕ್ಕೋತ ಕೆಮ್ಮು ಹತ್ತಿ ಅಂಗಳಕ್ಕ ಓಡಿದ. ಯಾಸ್ಮಿನ ಒಬ್ಬಾಕಿ ನಗಲಿಲ್ಲ. ಮ್ಯಾಡಮ್ಮ ಕುಂತು, ಎಲ್ಲಾರ ಮಾರಿ ಒಂದೊಂದ ನೋಡಿ, ಡೈರಿಯೊಳಗ ಏನೋ ಬರಕೊಂಡ್ರು.

"ಹುಡುಗಿ ಗ್ವಾಡಿ ಕೂಡ ಮಾತಾಡತಾಳ ಅಂತ ಬರದೀರಿ" ಅಂದ್ರು.

"ಇಲ್ರಿ ಮ್ಯಾಡಮ್ಮ. ನಮ್ಮ ಮನ್ಯಾಗ ಗ್ವಾಡಿನ ಇಲ್ರಿ" ಅಂದ್ನಿ.

ಅಂದ ಮ್ಯಾಲ ಗೊತ್ತಾತು, ಅವರು ಅದ ಇಟ್ಟಂಗಿ ಗ್ವಾಡಿಗೆ ಬೆನ್ನ ಹಚ್ಚಿ ಕುಂತಾರ. ಬಾಯಿ ಚಟ ಅದು, ನಾ ಏನ ಮಾಡ್ಲಿ?

ಮ್ಯಾಡಮ್ಮ ಒಂದೊಂದ ಪ್ರಶ್ನೆ ಕೇಳಕೋತ ಹ್ವಾದ್ರು. ಸುಮ್ಮ ಸುಮ್ಮನ ಸಿಟ್ಟ ಬರ್ತೈತೇನು ಅಂತ ಕೇಳಿದಾಗ, ಯಾರ್ರಿ ಹೇಳಿದ್ದು, ನಮ್ಮ ಮನ್ಯಾಗ ಸಿಟ್ಟ ಅನ್ನೂದ ಇಲ್ಲ ಅಂತ ಚಾದ ಕಪ್ಪ ನೆಲಕ್ಕ ಕುಕ್ಕಿದ್ನಿ. ಕಪ್ಪು ಒಡೀತು. ನಿದ್ದಿ ಬರ್ತೈತೇನು ಅಂದ್ರ ಮೆಹನಾಜ, ಇವರಿಗೆ ಬಂದಿಲ್ರಿ ಮಂಗಳವಾರದಿಂದ ಅಂತ ನನ್ನ ಕಡೆ ಬಟ್ಟ ಮಾಡಿದ್ಲು. ಮನಿ ಮಂದೀನ ಬಿಟ್ಟು ಒಬ್ಬರ ಕುಂತು ಏನರ ಗುಣಗುಟ್ಟತಾರೇನು ಅಂದ್ರ ಇಂದ್ರಾಬಾಯಿ, ಈ ಬಾದಶಹಾ ಖಾಲಿ ಜೀಪಿನ ಮುಂದ ನಿಂತು ಜತ್ತ ಜತ್ತ ಜತ್ತ ಅಂತ ಒದರತಾನ್ರಿ, ಒಂದ ನರಪಿಳ್ಳಿ ಇರಂಗಿಲ್ಲ ಅಂದ್ಲು. ಧಂದೆ ನಿಂತ ಮ್ಯಾಲ ನಾ ಹಂಗ ಒಂದೆರಡ ಸಲ ಮಾಡಿದ್ದು ಖರೇ. ಗಂಟಲು ಜಂಗ ಹಿಡೀಬಾರದಲ್ಲ. ಮ್ಯಾಡಮ್ಮನ ಪೆನ್ನು ಓಡಿತು. ಬರಿಯೂದು ಮಗಳ ಹೆಸರಿನ ಕೆಳಗೋ ನನ್ನ ಹೆಸರಿನ ಕೆಳಗೋ ತಿಳೀಲಿಲ್ಲ.

ಕಡೀಕ ಡೈರಿ ಮುಚ್ಚಿ, ನಾ ಹುಡುಗಿ ಕೂಡ ಒಬ್ಬಾಕಿನ ಮಾತಾಡತೀನಿ ಅಂದ್ರು. ಮನ್ಯಾಗ ಜಾಗಾ ಎಲ್ಲೈತಿ, ಕಿಡಕಿಗೆಲ್ಲಾ ಮಂದಿ ಜೋತ ಬಿದ್ದಾರ. ಯಾಸ್ಮಿನಳ ಕೈ ಹಿಡಕೊಂಡು ಹೋಗಿ ಅಂಗಳದಾಗ ನಿಂತ ನನ್ನ ಜೀಪಿನ್ಯಾಗ ಕುಂತು ಬಾಗಲಾ ಹಾಕಿಕೊಂಡ್ರು. ಮಂದೀನ ನಾ ದೂರ ಸರಿಸಿದ್ನಿ. ಸರಿಸಿ, ನಾ ಒಬ್ಬ ಹಿಂದ ಹೋಗಿ ಸ್ಟೆಪ್ನಿ ಗಾಲಿಗೆ ಕಿವಿ ಹಚ್ಚಿ ಕುಂತ್ನಿ. ಅಪ್ಪನಿಗೆ ಅಷ್ಟ ಹಕ್ಕ ಇರ್ತೈತಿ.

ಒಳಗ ಮ್ಯಾಡಮ್ಮ, ಬ್ಯಾರೇಯವರ ಹೆಸರಿಗೆ ಹಾಜರ್ ಅಂದಿದ್ದಿ ಅಂತ ನಿಮ್ಮ ಸರ್ ಹೇಳಿದ್ರು, ಯಾರ ಹೆಸರಿಗೆ ಅಂತ ಮೆಲ್ಲಕ ಕೇಳಿದ್ರು.

"ವಿದ್ಯಾವತಿ" ಅಂದ್ಲು ನನ್ನ ಮಗಳು.

ವಿದ್ಯಾವತಿ ಅಂದ್ರ ಅಣ್ಣಾರಾಯನ ಮಗಳು. ಸಾಲ್ಯಾಗ ಯಾಸ್ಮಿನಳ ಬಾಜೂಕ ಕುಂದ್ರಾಕಿ. ಊರಾಗ ಜಡ್ಡು ಬಂದ ಮ್ಯಾಲ ಅಣ್ಣಾರಾಯ ಹೆಣ್ತಿ ಮಕ್ಕಳನ್ನ ಕರಕೊಂಡು ಹೊಲದಾಗಿನ ವಸ್ತಿ ಮನಿಗೆ ಹೋಗಿ ಇದ್ದ, ಮೂರ ಮೈಲ ದೂರ. ಅವನ ಕಡೆ ಇದ್ದದ್ದು ಗುಂಡಿ ಒತ್ತೂ ಮೊಬೈಲು. ಅದರಾಗ ಸಾಲಿ ಬರಂಗಿಲ್ಲ.

"ದಿನಾ ಸರ್ ಆಕಿ ಹೆಸರ ಕರೀತಾರ. ಯಾರೂ ಓ ಅನ್ನಂಗಿಲ್ಲ. ಸರ್ ಮುಂದಿನ ಹೆಸರ ಕರೀತಾರ" ಅಂದ್ಲು ಯಾಸ್ಮಿನ. ನಾಕು ತಿಂಗಳಾಗ ಆಕಿ ಇಷ್ಟ ಮಾತಾಡಿದ್ದು ನಾ ಕೇಳಿದ್ದಿಲ್ಲ. ಮತ್ತ ಅಂದ್ಲು: "ನಮ್ಮ ಅಬ್ಬಾ ಒಂದ ಸೀಟ ಖಾಲಿ ಇದ್ರ ಗಾಡಿ ಬಿಡಂಗಿಲ್ರಿ. ಸರ್ ಬಿಡತಾರ."

ನನಗ ಅಳು ಬಂತು. ಸ್ಟೆಪ್ನಿ ಹಿಡಕೊಂಡು ಅತ್ನಿ. ದಿನಾ ಆಕಿ ಮುಂದಿನ ಸೀಟಿನ್ಯಾಗ ಗೊರಕಿ ಹೊಡಕೋತ ಮಲಗತಿದ್ದೆ, ಹತ್ತ ಸೀಟ ಖಾಲಿ ಅದಾವಂತ ಧಂದೆಕ್ಕ ಮರಗತಿದ್ದೆ, ಆಕಿ ಒಂದ ಸೀಟಿಗೆ ಮರಗಾಕತ್ತಾಳ ಅಂತ ಗೊತ್ತಾಗಲಿಲ್ಲ. ಬರದ ಇಪ್ಪತ್ನಾಕರಾಗ ಎಷ್ಟ ಖರೇ ಇದ್ದವೋ ಏನೋ, ನಾ ಒಂದನ್ನೂ ಆಕೀನ ಕೇಳಿದ್ದಿಲ್ಲ.

ಆಮ್ಯಾಲ ಮಾಡಿದ್ದು ವಿಚಾರ ಮಾಡಿ ಮಾಡಿದ್ದಲ್ಲ. ಡ್ರೈವರ ಸೀಟಿಗೆ ಏರಿದ್ನಿ, ಚಾವಿ ತಿರುವಿದ್ನಿ, ಅಣ್ಣಾರಾಯನ ವಸ್ತಿ ಕಡೆ ಗಾಡಿ ಬಿಟ್ನಿ. ಹಿಂದ ಮ್ಯಾಡಮ್ಮ ಕುಂತಾರ ಅನ್ನೂದು ದಿಬ್ಬ ದಾಟಿದ ಮ್ಯಾಲ ನೆನಪಾತು. ಎಲ್ಲಿಗೆ ಒಯ್ಯಾಕತ್ತೀರಿ ಅಂತ ಅವರು ಕೇಳಿದ್ರು, ಬಂದ ಬಿಟ್ಟಿತ್ರಿ ಅಂದ್ನಿ. ಊರಾಗ ಬಾದಶಹಾ ಸರಕಾರೀ ಮ್ಯಾಡಮ್ಮನ್ನ ಎತಗೊಂಡ ಹೋದ ಅಂತ ಗದ್ದಲ ಎದ್ದಿತು. ಬಷೀರ ಮೋಟರಸೈಕಲ್ಲ ಹತ್ತಿದ, ಇಂದ್ರಾಬಾಯಿ ಸೀರಿ ಎತ್ತಿ ಕಟ್ಟಿಕೊಂಡು ಹಿಂದ ಕುಂತ್ಲು. ಉಂಡಿ ಡಬ್ಬಿ ಯಾಕ ತಂದಿದ್ಲು ಅಂತ ಇವತ್ತಿಗೂ ತಿಳದಿಲ್ಲ.

ವಸ್ತಿ ಮುಂದ ಗಾಡಿ ನಿಂತಾಗ ಅಣ್ಣಾರಾಯ ಎತ್ತಿಗೆ ನೀರ ಕುಡಸಾಕತ್ತಿದ್ದ. ಫೈಲ ಹಿಡಕೊಂಡ ಮ್ಯಾಡಮ್ಮ ಇಳಿಯೂದು ನೋಡಿದ, ಕೈ ಮುಗದ, ನಾ ಕಲಿಸಿದ ಪಾಠ ಒಂದ ಉಸರಿನ್ಯಾಗ ಒಪ್ಪಿಸಿದ. ಎತ್ತಿಲ್ರಿ, ಬಾವಿ ಇಲ್ರಿ, ಮೋಟರ ಇಲ್ರಿ ಅಂದ. ಎತ್ತು ಅವನ ಹೆಗಲ ಮ್ಯಾಲ ಮಾರಿ ಇಟ್ಟ ನಿಂತಿತ್ತು.

"ಮಗಳದಾಳೇನು?" ಅಂದ್ರು ಮ್ಯಾಡಮ್ಮ.

"ಮಗಳೂ ಇಲ್ರಿ" ಅಂದ ಅಣ್ಣಾರಾಯ.

ಅವನ ಹಿಂದಿನಿಂದ ವಿದ್ಯಾವತಿ ಮುಂದ ಬಂದ್ಲು. ಯಾಸ್ಮಿನ ಜೀಪಿನಿಂದ ಇಳದ್ಲು. ಇಬ್ಬರೂ ದೂರ ನಿಂತ್ರು. ಕಡೀಕ ಯಾಸ್ಮಿನ, ನಿನ್ನ ಹೆಸರ ದಿನಾ ಕರೀತಾರ ಅಂದ್ಲು. ನಾ ಸಾಲಿ ಬಿಟ್ಟೀನಿ ಅಂತ ಹೆಸರ ಹೊಡದಾರಂತ ತಿಳದಿದ್ದೆ ಅಂದ್ಲು ವಿದ್ಯಾವತಿ. ಇಲ್ಲ, ಐತಿ, ನನ್ನ ಹೆಸರಿನ ಮುಂದಿಂದ ನಿಂದು ಅಂದ್ಲು ಯಾಸ್ಮಿನ. ಅಲ್ಲಿಂದ ಹತ್ತಿದ ಮಾತು ಸೂರ್ಯಾ ಇಳಿಯೂ ತನಕ ನಿಂದ್ರಲಿಲ್ಲ. ನಾಕು ತಿಂಗಳಿಂದು ಬಾಕಿ ಇತ್ತು ನೋಡ್ರಿ. ಬಷೀರ ಬಂದ, ಇಂದ್ರಾಬಾಯಿ ಬಂದ್ಲು, ಉಂಡಿ ಡಬ್ಬಿ ಮತ್ತ ತೆರೀತು. ಮ್ಯಾಡಮ್ಮ ಎರಡ ಉಂಡಿ ತಿಂದ್ರು. ನನ್ನ ಮ್ಯಾಲ ಕೇಸ ಹಾಕತೀರೇನ್ರಿ ಅಂತ ಕೇಳಿದ್ನಿ. ಮೊದಲ ನನ್ನ ವಾಪಸ ಬಿಡ್ರಿ, ಆಮ್ಯಾಲ ನೋಡೂಣು ಅಂದ್ರು.

ಮರುದಿನದಿಂದ ನನ್ನ ವಡಾಪ ಚಾಲೂ ಆತು. ಒಂಬತ್ತೂವರಿಗೆ ವಸ್ತಿ ದಾರ್ಯಾಗ "ಐದನೇತ್ತಾ, ಐದನೇತ್ತಾ, ಐದನೇತ್ತಾ" ಅಂತ ಕೂಗಕೋತ ಹೋಗ್ತೀನಿ. ಮೊಬೈಲಿಲ್ಲದ ಹುಡುಗರು ನಾಕ ಮಂದಿ, ಯಾಸ್ಮಿನ ಐದನೇದಾಕಿ. ಮಾಸ್ಕ ಹಾಕಿಕೊಂಡು, ಕಿಡಕಿ ತಗದು, ಜರಾ ದೂರ ದೂರ ಕುಂದರಬೇಕು, ಇದು ಮ್ಯಾಡಮ್ಮನ ಹುಕುಂ. ಮೊಬೈಲ ಸ್ಟೇರಿಂಗಿನ ಮ್ಯಾಲ ಕಟ್ಟಿರ್ತೀನಿ. ಮಲ್ಲಿನಾಥ ಸರ್ ಹತ್ತಕ್ಕ ಬರೋಬ್ಬರಿ ಸುರು ಮಾಡೂಣೇನು ಅಂತಾರ. ಒಂದ ಸೀಟ ಬರೂದೈತ್ರಿ ಸರ್, ನಿಂದ್ರಿ ಅಂತೀನಿ. ಇಡೀ ವರ್ಗ ಆ ಕಡೆ ಕಾಯತಿರ್ತೈತಿ. ಸರ್ ಬೈತಾರ. ಬೈದ್ರ ಬೈಲಿ. ವಿದ್ಯಾವತಿ ಅಂತ ಹೆಸರ ಕರದಾಗ 'ಹಾಜರ್ ಸರ್' ಅಂತ ಜೀಪ ಅಲುಗೂ ಹಂಗ ಇಬ್ಬರೂ ಕೂಡೆ ಒದರತಾರ.

ಟ್ಯಾಬ ಇವತ್ತಿಗೂ ಬಂದಿಲ್ಲ. ಎರಡ ತಿಂಗಳ ಮ್ಯಾಲ ಮತ್ತ ಒಂದ ಫಾರ್ಮ ಬಂತು, ಮ್ಯಾಡಮ್ಮ ಕಳಿಸಿದ್ದು, ಅವ ಇಪ್ಪತ್ನಾಕ ಪ್ರಶ್ನೆ. ಈ ಸಲ ಮಗಳನ್ನ ಬಾಜೂಕ ಕುಂದ್ರಿಸಿಕೊಂಡು ಒಂದೊಂದ ಕೇಳಿ ತುಂಬಿದ್ನಿ. ಒಂದ ಪ್ರಶ್ನೆ ಕೇಳಿದ್ರ ಆಕಿ ಹತ್ತ ಸುದ್ದಿ ಹೇಳತಾಳ. ವಿದ್ಯಾನ ಮನಿ ಆಕಳದ ಸುದ್ದಿ, ಸರ್ ಮೊಬೈಲಿನ್ಯಾಗ ಬೆಕ್ಕ ಹಾದ ಹೋದ ಸುದ್ದಿ. ಫಾರ್ಮ ಮುಗಿಯೂದರಾಗ ಚಾ ಆರಿತು, ಕಟ್ಟಿ ಮ್ಯಾಲಿನ ಮಂದಿ ಎದ್ದ ಹೋದ್ರು, ನನ್ನ ಕಿವಿ ಗುಂಯ್ ಅನ್ನಾಕತ್ತಿದ್ದವು. ಒಳಗಿಂದ ಮೆಹನಾಜ, ಮನಿ ಎಷ್ಟ ಶಾಂತ ಐತಿ ನೋಡ್ರಿ ಅಂತ ನಕ್ಕಳು.

ಕೆಳಗ ಎರಡ ಸಾಲು ಜಾಗಾ ಇತ್ತು. ಬಿಡಾಕ ನನಗ ಮನಸ್ಸ ಬರಲಿಲ್ಲ. ನನ್ನ ಚಂದನ್ನ ಅಕ್ಷರದಾಗ ಬರದ್ನಿ: 'ಹುಡುಗಿ ಭಾಳ ಮಾತಾಡತಾಳ. ಇಲಾಜ ಮಾಡಬ್ಯಾಡ್ರಿ.'